ಆರೋಗ್ಯ ವಿಮೆ: ಪ್ರೀಮಿಯಂ ಜತೆಗೆ ಷರತ್ತನ್ನೂ ನೋಡಿ

ಕಂಪನಿಯ ಗುಂಪು ವಿಮೆಯನ್ನೇ ನಂಬಿದ ನೌಕರರಿಗೆ ಕೆಲಸ ಬಿಟ್ಟೊಡನೆ ಅಥವಾ ನಿವೃತ್ತಿಯೊಡನೆ ಸಾಮಾನ್ಯವಾಗಿ ಆ ರಕ್ಷಣೆ ತಪ್ಪಿಹೋಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಂಟಿಕೊಂಡ ಆ ವಯಸ್ಸಿನಲ್ಲಿ ಹೊಸ ಪಾಲಿಸಿ ದುಬಾರಿ. ಮೊದಲೇ ಇದ್ದ ಕಾಯಿಲೆಯ ಚಿಕಿತ್ಸೆಗೆ ಕಾಯುವ ಅವಧಿಯೂ ಉಂಟು. 2024ರ ನಿಯಮಗಳು ಅದರ ಗರಿಷ್ಠ ಮಿತಿಯನ್ನು 48 ತಿಂಗಳಿನಿಂದ 36ಕ್ಕೆ ಇಳಿಸಿವೆ. ಆರೋಗ್ಯವಾಗಿರುವಾಗಲೇ ಸ್ವಂತ ಹೆಸರಿನಲ್ಲಿ ಚಿಕ್ಕದೊಂದು ಪಾಲಿಸಿ ಮಾಡಿಸುವುದು ಜಾಣತನ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿಯೂ ರದ್ದಾಗಿದೆ.

ಅಗ್ಗದ ಪಾಲಿಸಿ ಕೈಕೊಡುವುದು ಹೆಚ್ಚಾಗಿ ಕೊಠಡಿ ಬಾಡಿಗೆಯ ವಿಷಯದಲ್ಲಿ. 5 ಲಕ್ಷ ರೂ. ವಿಮೆಯಲ್ಲಿ ದಿನದ ಬಾಡಿಗೆಗೆ ಶೇ 1, ಅಂದರೆ 5,000 ರೂ. ಮಿತಿ ಇದೆಯೆನ್ನೋಣ. ರೋಗಿ 10,000 ರೂ. ಕೊಠಡಿಗೆ ಸೇರಿದರೆ ಹೆಚ್ಚುವರಿ ಬಾಡಿಗೆಯಷ್ಟೇ ಕೈಯಿಂದ ಹೋಗುತ್ತದೆಂದು ಬಹಳ ಮಂದಿ ಭಾವಿಸುತ್ತಾರೆ. ಕೊಠಡಿಯ ದರ್ಜೆಗೆ ತಕ್ಕಂತೆ ದರ ವಿಧಿಸುವ ಆಸ್ಪತ್ರೆಯಾದರೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ವೆಚ್ಚಗಳಲ್ಲಿಯೂ ವಿಮಾ ಕಂಪನಿ ಅರ್ಧವನ್ನಷ್ಟೇ ಭರಿಸಬಹುದು. ಔಷಧ, ಇಂಪ್ಲಾಂಟ್, ರೋಗಪತ್ತೆ ಪರೀಕ್ಷೆಗಳಿಗೆ ಮಾತ್ರ ಈ ಅನುಪಾತದ ಕಡಿತ ಇಲ್ಲ. 2020ರಲ್ಲಿ ಎಲ್ಲ ಕಂಪನಿಗಳಿಗೂ ಏಕರೂಪವಾಗಿ ರೂಪಿಸಿದ ‘ಆರೋಗ್ಯ ಸಂಜೀವನಿ’ಯಲ್ಲಿಯೂ ಕೊಠಡಿಗೆ ವಿಮಾ ಮೊತ್ತದ ಶೇ 2, ಗರಿಷ್ಠ 5,000 ರೂ. ಎಂಬ ಮಿತಿಯಿತ್ತು, ಪ್ರತಿ ಕ್ಲೇಮಿನ ಶೇ 5 ಭಾಗ ಪಾಲಿಸಿದಾರನದೇ.

ಮೂಲ ವಿಮೆಯನ್ನು ದೊಡ್ಡದು ಮಾಡುವುದಕ್ಕಿಂತ ಅದರ ಮೇಲೆ ಪೂರಕ ಪಾಲಿಸಿ ಸೇರಿಸುವುದು ಸಾಮಾನ್ಯವಾಗಿ ಅಗ್ಗ. ಆದರೆ ಟಾಪ್-ಅಪ್, ಸೂಪರ್ ಟಾಪ್-ಅಪ್ ಎರಡೂ ಒಂದೇ ಅಲ್ಲ. 5 ಲಕ್ಷದ ಮೂಲ ವಿಮೆ ಇರುವವರು ಒಂದೇ ವರ್ಷದಲ್ಲಿ ಎರಡು ಬಾರಿ ಆಸ್ಪತ್ರೆ ಸೇರಿ, ತಲಾ 4 ಲಕ್ಷ ರೂ. ಬಿಲ್ ಆಯಿತೆನ್ನೋಣ. ಎರಡನೆಯ ಬಿಲ್ಲಿಗೆ ಮೂಲ ವಿಮೆಯಲ್ಲಿ ಉಳಿದಿರುವುದು 1 ಲಕ್ಷ. ಬಾಕಿ 3 ಲಕ್ಷಕ್ಕೆ, 5 ಲಕ್ಷ ದಾಟಿದ ಮೇಲೆ ಜಾರಿಗೆ ಬರುವ ಟಾಪ್-ಅಪ್‌ನಿಂದ ನಯಾಪೈಸೆಯೂ ಸಿಗದು. ಅದು ಪ್ರತಿ ಬಿಲ್ಲನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ಸೂಪರ್ ಟಾಪ್-ಅಪ್ ವರ್ಷದ ಒಟ್ಟು ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಂಡು ಆ 3 ಲಕ್ಷ ನೀಡುತ್ತದೆ. ಆಸ್ಪತ್ರೆ ದಿನಭತ್ಯೆಯಂಥ ಸೇರ್ಪಡೆಗಳು ಇದರ ನಂತರದ ಮಾತು.

ಅರ್ಜಿಯನ್ನು ಏಜೆಂಟರ ಕೈಗೆ ಬಿಡಬಾರದು. ಕಾಯಿಲೆಯ ಕಾಲಮುಗಳಲ್ಲೆಲ್ಲ ‘ಇಲ್ಲ’ ಎಂದು ತುಂಬಿದರೆ ಪಾಲಿಸಿ ಬೇಗ ಸಿಗಬಹುದು, ಕ್ಲೇಮು ಸಿಗಲಾರದು. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ಸಾಬೀತಾದ ವಂಚನೆಯ ಹೊರತು, ಮಾಹಿತಿ ನೀಡಿಲ್ಲವೆಂದು ಕಂಪನಿ ತಕರಾರು ಎತ್ತುವಂತಿಲ್ಲ. ಅಲ್ಲಿಯವರೆಗೆ ಆ ಅಪಾಯ ಇದ್ದೇ ಇರುತ್ತದೆ. ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಷರತ್ತು ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಿ, ಸಣ್ಣಪುಟ್ಟ ಕಡಿತಗಳ ನಂತರ ಹಣ ಪಡೆಯಬಹುದು.