ಬಿಯರಿನ ತಿಳಿ, ಮೀನಿನ ಚೀಲ

ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇಯ್ದು ಬಗ್ಗಡದ ನೀರನ್ನು ತಿಳಿಮಾಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಬಿಯರ್ ತಿಳಿಮಾಡಲು ಆಂಗ್ಲರು ಹಿಡಿದದ್ದು ಮೀನನ್ನು! ಸ್ಟರ್ಜನ್ ಮೀನಿನ ಗಾಳಿಚೀಲವನ್ನು ಒಣಗಿಸಿದ ಐಸಿಂಗ್ಲಾಸ್ ರಷ್ಯದಿಂದ ಬರುತ್ತಿತ್ತು; ಬೆಲೆ ಬಲು ದುಬಾರಿ. 1795ರ ಸುಮಾರಿಗೆ ವಿಲಿಯಂ ಮರ್ಡಾಕ್ (1792ರಲ್ಲಿ ಕಲ್ಲಿದ್ದಲ ಅನಿಲದಿಂದ ತನ್ನ ಮನೆಗೆ ದೀಪ ಹಚ್ಚಿದ ಅದೇ ಎಂಜಿನಿಯರ್) ಕಾಡ್ ಮೀನಿನಿಂದ ಅಗ್ಗದ ಬದಲಿಯನ್ನು ತಯಾರಿಸಿದ. ಲಂಡನ್ನಿನ ತಯಾರಕರು ಅದರ ಹಕ್ಕಿಗೆ 2000 ಪೌಂಡು ತೆತ್ತರು.

ನಾವು ಓದಿದ ಬಿ.ಎಸ್ಸಿ. ಇಲ್ಲಿ ಉಪಯೋಗಕ್ಕೆ ಬಂತೆನ್ನಿ. ಚೀಲದ ಕೊಲಾಜನ್ನಿಗೆ ಧನ ವಿದ್ಯುದಂಶ, ಯೀಸ್ಟಿಗೆ ಋಣ. ಎರಡೂ ಅಂಟಿ, ಗಂಟಾಗಿ ತಳ ಸೇರುತ್ತವೆ. ಬಿಸಿ ತಗುಲಿದರೆ ಕೊಲಾಜನ್ ಕೆಟ್ಟು ಜಿಲೆಟಿನ್ ಆಗುವುದರಿಂದ ತಣ್ಣಗೇ ಕಲಸಬೇಕು.

ಲೋಹದ ಪಾತ್ರೆಯಲ್ಲಿ ಕುಡಿಯುವವನಿಗೆ ಮಬ್ಬು ಕಾಣುವುದೆಲ್ಲಿ? 1845ರಲ್ಲಿ ಬ್ರಿಟನ್ ಗಾಜಿನ ಸುಂಕ ತೆಗೆದ ಮೇಲೆ ಗಾಜಿನ ಲೋಟ ಅಗ್ಗವಾಗಿ ತಿಳಿಯ ಹುಚ್ಚೂ ಬೆಳೆಯಿತು. 1963ರಲ್ಲಿ ಅಲ್ಲಿ ಮನೆಬಿಯರಿನ ಲೈಸೆನ್ಸ್ ರದ್ದಾಗಿ ಈ ವಿದ್ಯೆ ಅಡಿಗೆಮನೆಗಳನ್ನೂ ಹೊಕ್ಕಿತು.

ಪೇಚು ಸಸ್ಯಾಹಾರಿಗಳದು. ಮೀನು ಬಹುಪಾಲು ತಳದಲ್ಲೇ ಉಳಿದರೂ ಅಂಶಮಾತ್ರ ಲೋಟಕ್ಕೆ ಬರಬಹುದು. ಯುರೋಪಿನ ಅಲರ್ಜಿ ನಿಯಮವೂ ಅದನ್ನು ಶೀಸೆಯ ಮೇಲೆ ನಮೂದಿಸಲು ಹೇಳುವುದಿಲ್ಲ. ಡಬ್ಲಿನ್ನಿನ ಗಿನ್ನೆಸ್ ಮೀನನ್ನು ಕೈಬಿಡುವುದಾಗಿ ಸಾರಿದ್ದು 2015ರಲ್ಲಿ. ಗುಟ್ಟಾಗಿ ಲೋಟ ಏರಿಸುವ ಸಸ್ಯಾಹಾರಿ ಮಿತ್ರರೊಬ್ಬರು ಇದನ್ನು ಕೇಳಿ ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ.