ಕ್ವಿನೀನು ಕಲಿಸಿದ ಪಾಠ

ಚಳಿಜ್ವರಕ್ಕೆ ಮದ್ದಾದ ಕ್ವಿನೀನು ಸಿಂಕೋನಾ ಮರದ ತೊಗಟೆಯಿಂದ ದೊರೆಯುವುದು. ಆ ಮರದ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳು. ದೂರದ ಕಾಡನ್ನೇ ನಂಬಲಾಗದೆಂದು ಆಂಗ್ಲರು 1860ರ ಸುಮಾರಿಗೆ ಅಲ್ಲಿಂದ ಬೀಜಗಳನ್ನು ತರಿಸಿದರು. ಮೆಕೈವರನು ನಮ್ಮ ನೀಲಗಿರಿಯ ದೊಡ್ಡಬೆಟ್ಟದಲ್ಲಿಯೂ ನಡುವಟ್ಟದಲ್ಲಿಯೂ ತೋಟಗಳನ್ನೆಬ್ಬಿಸಿದನು.

ಆದರೆ ಡಚ್ಚರ ಜಾವಾದ್ವೀಪದ ತೊಗಟೆಯಲ್ಲಿ ಮದ್ದಿನ ಅಂಶ ಹೆಚ್ಚು. ಕ್ರಮೇಣ ಜಗತ್ತಿನ ಕ್ವಿನೀನಿನಲ್ಲಿ ನೂರಕ್ಕೆ 90ರಷ್ಟಕ್ಕೆ ಆ ಒಂದು ದ್ವೀಪವೇ ಆಧಾರವಾಯಿತು. 1942ರ ಮಾರ್ಚಿಯಲ್ಲಿ ಜಪಾನೀಯರು ಜಾವಾವನ್ನು ಹಿಡಿಯಲು ಆ ದಾರಿ ಮುಚ್ಚಿತು. ಮರುವರ್ಷ ಬಂಗಾಳದ ಕ್ಷಾಮದಲ್ಲಿ ಹಸಿವಿನ ಬೆನ್ನಿಗೇ ಜ್ವರ ಬಂದಿತು. ನೀಲಗಿರಿಯ ಮತ್ತು ಮಂಗ್ಪೂವಿನ ತೋಟಗಳ ಮದ್ದು ಸಾಲದೆ ಹೋಯಿತು. ಲಕ್ಷಾಂತರ ಜನ ಅಳಿದರು.

ಇಂದು ಭಾರತವು ಹೊರಗಿನಿಂದ ತರಿಸುವ ಔಷಧ ಮೂಲದ್ರವ್ಯಗಳಲ್ಲಿ ಬಹುಪಾಲು ಚೀನಾದಿಂದಲೇ ಬರುತ್ತಿದೆ. ಸುಲಭ ಬೆಲೆಗೆ ಮರುಳಾಗಿ ಮನೆಯ ತೋಟವನ್ನು ಮರೆತವರ ಕಥೆಯನ್ನು ನಾವು ಮರೆಯಲಾಗದು.