ಬಿಲ್ಲಸುರ್ಗಂ ಗವಿಯ ಎಲುಬುಗಳು

ರಾಜ್ಯೋತ್ಸವದ ಸಂದರ್ಭದಲ್ಲಿ ನಾವು ಕದಂಬರಿಂದ ಮೊದಲುಮಾಡಿ ವಿಜಯನಗರದವರೆಗಿನ ಅರಸರನ್ನು ನೆನೆಯುವುದು ವಾಡಿಕೆ. ಆದರೆ ಶಾಸನ ಬರೆಯುವವನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈ ದಖ್ಖನ್ನಿನ ನೆಲ ತನ್ನ ಚರಿತ್ರೆಯನ್ನು ಬರೆದಿಟ್ಟುಕೊಂಡಿದೆ. ಅದರ ಒಂದು ಪುಟ ಹೈದರಾಬಾದಿನ ಕನ್ನಡಿಗರಾದ ನಮಗೆ ಊರಿನ ದಾರಿಯಲ್ಲೇ ಇದೆ.

ಬೆಂಗಳೂರಿನ ಹೆದ್ದಾರಿಯಲ್ಲಿ ನಾವು ಕರ್ನೂಲನ್ನು ಹಾದುಹೋಗುತ್ತೇವಷ್ಟೆ. ಅಲ್ಲಿಂದ ಆಗ್ನೇಯಕ್ಕೆ, ಈಗಿನ ನಂದ್ಯಾಲ ಜಿಲ್ಲೆಯ ಬೇತಂಚೆರ್ಲದ ಹತ್ತಿರ, ಬಿಲ್ಲಸುರ್ಗಂ ಎಂಬ ಗವಿಗಳಿವೆ. ಅದು ಸುಣ್ಣಕಲ್ಲಿನ ಸೀಮೆ. ಮಳೆಯ ನೀರು ಸಹಸ್ರಾರು ವರ್ಷ ಕಲ್ಲನ್ನು ಕರಗಿಸಿ ಗವಿಗಳನ್ನು ಕೊರೆದಿದೆ. ಬೇಟೆಯ ಮೃಗಗಳು ಎಳೆದು ತಂದ ಎಲುಬು, ಮುಳ್ಳುಹಂದಿ ಕಡಿಯಲೆಂದು ಕೂಡಿಟ್ಟ ಎಲುಬು, ಗೂಗೆ ನುಂಗಿ ಉಗುಳಿದ ಇಲಿಯ ಎಲುಬು, ಇವೆಲ್ಲ ಇಂಥ ಗವಿಗಳ ಮಣ್ಣಿನಲ್ಲಿ ಪದರಪದರವಾಗಿ ಹೂತುಹೋಗುತ್ತವೆ. ಬಯಲಿನಲ್ಲಾದರೆ ಬೇಗ ಕರಗಿಹೋಗುವ ಎಲುಬು ಸುಣ್ಣದ ಆಶ್ರಯದಲ್ಲಿ ಉಳಿಯುತ್ತದೆ.

1844ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬಾತ ಈ ಎಲುಬುಗಳ ವಿಷಯವನ್ನು ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಅನಂತರ ನಾಲ್ಕು ದಶಕ ವಿಷಯ ಅಲ್ಲಿಗೇ ನಿಂತಿತು. 1880ರ ದಶಕದ ನಡುವೆ ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವರ ಮಗ ಹೆನ್ರಿ ಫೂಟ್ ಗವಿಗಳನ್ನು ಅಗೆದರು. ಸಿಕ್ಕಿದ ಎಲುಬುಗಳನ್ನು ಲಿಡೆಕ್ಕರ್ ಎಂಬ ವಿದ್ವಾಂಸರು ಪರಿಶೀಲಿಸಿ 1886ರಲ್ಲಿ ವಿವರಿಸಿದರು. ಹುಲಿ, ಕರಡಿ, ಕಡವೆಗಳ ಜೊತೆಗೆ ಖಡ್ಗಮೃಗವೂ ಅಲ್ಲಿತ್ತು! ಅದಕ್ಕೆ ಅವರು ಕರ್ನೂಲಿನ ಹೆಸರನ್ನೇ ಇಟ್ಟರು.

ಈ ಫೂಟ್ ಮಹಾಶಯರು ಕನ್ನಡನಾಡಿಗೆ ಹೊಸಬರಲ್ಲ. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಶಿಲಾಯುಗದ ಕೊಡಲಿಯನ್ನು ಗುರುತಿಸಿದವರು ಅವರೇ. ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಸಿಕ್ಕಿದ ಖಡ್ಗಮೃಗದ ಎಲುಬುಗಳನ್ನು 1874ರಲ್ಲಿ ವರ್ಣಿಸಿದವರೂ ಅವರೇ. ಇಂದು ಆ ಪ್ರಾಣಿಯನ್ನು ಕಾಡಿನಲ್ಲಿ ನೋಡಬೇಕಾದರೆ ನಾವು ಅಸ್ಸಾಮಿನ ಕಡೆಗೆ ಹೋಗಬೇಕು. ಒಂದಾನೊಂದು ಕಾಲದಲ್ಲಿ ಅದು ಗೋಕಾಕದಲ್ಲಿ ಮೇಯುತ್ತಿತ್ತು. ಗೋಕಾಕಕ್ಕೂ ಬೇತಂಚೆರ್ಲಕ್ಕೂ ನಡುವೆ ಅದಕ್ಕೆ ಗಡಿಯೆಲ್ಲಿತ್ತು? ಬಳ್ಳಾರಿಯೂ ಕರ್ನೂಲೂ ಬೇರೆ ಬೇರೆ ರಾಜ್ಯದ ಪಾಲಾದದ್ದು 1953ರಲ್ಲಿ.

ನಮ್ಮ ಕಾಲದ ವಿದ್ವಾಂಸರು ಬಿಲ್ಲಸುರ್ಗಂನ ಪದರಗಳ ವಯಸ್ಸನ್ನು ಅಳೆದು 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಬಗೆಯವು ಕನಿಷ್ಠ 1,00,000 ವರ್ಷಗಳಿಂದ ಭಾರತ ಉಪಖಂಡದಲ್ಲಿ ಬಾಳಿಬಂದಿವೆ; ಕೆಲವು 2,00,000 ವರ್ಷಗಳಿಂದಲೂ ಇವೆ. ಜಗತ್ತಿನ ಇತರ ಕೆಲವು ಖಂಡಗಳಲ್ಲಿ ಈ ಅವಧಿಯಲ್ಲಿ ದೊಡ್ಡ ಪ್ರಾಣಿಗಳು ಗುಂಪುಗುಂಪಾಗಿ ಅಳಿದುವು. ಇಲ್ಲಿ ಬರ ಬಂದಿತು, ಮಳೆ ಹೆಚ್ಚಿತು, ಮನುಷ್ಯನೂ ಬಂದನು; ಆದರೂ ಅವು ಉಳಿದುವು. ಕಾಡಿಗೆ ಕಾಡು, ಹುಲ್ಲುಗಾವಲಿಗೆ ಹುಲ್ಲುಗಾವಲು ಸೇರಿಕೊಂಡಿದ್ದುದು ಅದಕ್ಕೆ ಒಂದು ಕಾರಣ. ಒಂದೆಡೆ ನೆಲೆ ತಪ್ಪಿದರೆ ಇನ್ನೊಂದೆಡೆಗೆ ಹೋಗಲು ದಾರಿಯಿತ್ತು.

ಊರು ಬಿಟ್ಟು ಬಂದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಗಲು ದಾರಿ, ಸೇರಲು ಜಾಗ ಇದ್ದುದರಿಂದಲ್ಲವೇ ನಾವೂ ಇಲ್ಲಿ ಬಾಳಿದ್ದೇವೆ! ಲಕ್ಷ ವರ್ಷ ತೆರೆದಿದ್ದ ಆ ದಾರಿಗಳು ನಮ್ಮ ಒಂದೆರಡು ತಲೆಮಾರುಗಳಲ್ಲೇ ರಸ್ತೆ, ಕಾಲುವೆ, ಗಣಿಗಳಿಂದ ತುಂಡಾಗುತ್ತಿವೆ. ಬೇತಂಚೆರ್ಲದ ನುಣುಪು ಕಲ್ಲು ಎಷ್ಟೋ ಮನೆಗಳ ನೆಲಕ್ಕೆ ಹಾಸಾಗಿದೆ. ಕಲ್ಲು ಬೇಕು, ರಸ್ತೆಯೂ ಬೇಕು. ಆದರೆ ಗವಿಯನ್ನು ಒಡೆದರೆ ಅದರ ದಾಖಲೆಯನ್ನು ಮತ್ತೆ ಬರೆಯಲಾಗದು. ಕಾಡಿನ ಕೊಂಡಿ ಕಳಚಿದರೆ ಉಳಿದ ಪ್ರಾಣಿಗಳೂ ಗೋಕಾಕದ ಖಡ್ಗಮೃಗದಂತೆ ಬರಿಯ ಎಲುಬಾಗುವುವು.

ರಜೆಯಲ್ಲಿ ಊರಿಗೆ ಹೋಗುವಾಗ ಮಕ್ಕಳಿಗೆ ಹಂಪಿಯನ್ನು ತೋರಿಸೋಣ, ಬಾದಾಮಿಯನ್ನು ತೋರಿಸೋಣ. ಕರ್ನೂಲು ಬಂದಾಗ ಈ ಗವಿಯ ಕಥೆಯನ್ನೂ ಹೇಳೋಣ.